ಹಾಸಿಗೆಯೂ ಪಕ್ಕದವರೂ

'ಹಾಸಿಗೆ ಇದ್ದಷ್ಟು ಕಾಲು ಚಾಚು' ಎಂಬ ಗಾದೆಯನ್ನು ಕೇಳಿಸಿಕೊಳ್ಳದೆ ಬೆಳೆದ ಹೆಣ್ಣುಮಕ್ಕಳು ನಮ್ಮ ಕಡೆ ಯಾರೂ ಇರಲಾರರು. ಯುಗಾದಿಗೆ ರೇಷ್ಮೆ ಲಂಗ ಬೇಕೆಂದರೆ ಈ ಗಾದೆ, ಗೆಳತಿಯರ ಜೊತೆ ಪ್ರವಾಸಕ್ಕೆ ಹೋಗುತ್ತೇನೆಂದರೆ ಈ ಗಾದೆ, ಮದುವೆಯಾಗಿ ಸಂಸಾರ ಹೂಡಿದ ಮೇಲೆ ತಿಂಗಳ ಕೊನೆಯ ವಾರದಲ್ಲಿ ನಮ್ಮ ಬಾಯಲ್ಲೇ ಈ ಗಾದೆ. ಅದು ಹೇಳುವ ಬುದ್ಧಿ ಸುಳ್ಳೆಂದು ನಾನು ಹೇಳುತ್ತಿಲ್ಲ. ಆದರೆ ಅದರಲ್ಲಿ ಒಂದು ಕೊರತೆಯಿದೆ ಎಂದು ನನಗೆ ಬಹಳ ದಿನಗಳಿಂದ ಅನ್ನಿಸುತ್ತಾ ಬಂದಿದೆ. ಆ ಗಾದೆಯ ಹಾಸಿಗೆಯ ಮೇಲೆ ಮಲಗಿರುವವರು ಒಬ್ಬರೇ. ಪಕ್ಕದಲ್ಲಿ ಇನ್ನೊಬ್ಬರಿದ್ದರೆ ಏನು ಮಾಡಬೇಕೆಂದು ಅದು ಹೇಳುವುದಿಲ್ಲ.

ನನ್ನ ತವರು ಮಳವಳ್ಳಿ ಕಡೆಯ ಹಳ್ಳಿ. ಬೇಸಿಗೆ ರಜಕ್ಕೆ ಮದ್ದೂರಿನ ದೊಡ್ಡಮ್ಮನ ಮಕ್ಕಳು, ಮಂಡ್ಯದ ಅತ್ತೆಯ ಮಕ್ಕಳು ಎಲ್ಲ ಬಂದು ಸೇರಿದರೆ ಪಡಸಾಲೆಯಲ್ಲಿ ಹತ್ತು ಹನ್ನೆರಡು ಮಕ್ಕಳಿಗೆ ಒಂದೇ ಉದ್ದನೆಯ ಜಮಖಾನ. ಅಲ್ಲಿ ಹಾಸಿಗೆಗೇನೂ ಕೊರತೆಯಿರಲಿಲ್ಲ. ಯಾರು ಎಷ್ಟು ಹೊರಳಿದರೂ ಜಮಖಾನದ ಅಂಚು ದಾಟುತ್ತಿರಲಿಲ್ಲ. ಪಕ್ಕದವರ ಮೈಮೇಲೆ ಮಾತ್ರ ಬೀಳುತ್ತಿದ್ದರು. 'ನಾನು ಹಾಸಿಗೆ ಮೇಲೇ ಇದ್ದೀನಲ್ಲ' ಎಂದು ವಾದಿಸಿದರೆ ಅಜ್ಜಿ ಒಪ್ಪುತ್ತಿರಲಿಲ್ಲ. ಹಾಗಾದರೆ ಅಪ್ಪಣೆಯಿರುವಷ್ಟೂ ನಮ್ಮದೇ ಆಗುತ್ತದೆಯೇ? ಗೆರೆಯೊಳಗೆ ಇದ್ದೇವೆ ಎಂಬುದೊಂದೇ ಸಾಕೇ? ಈ ಪ್ರಶ್ನೆ ಇತ್ತೀಚೆಗೆ ನನಗೆ ಎದುರಾದದ್ದು ಮನೆಯ ಗೋಡೆಗೆ ಮೊಳೆ ಹೊಡೆದು ನೇತುಹಾಕಿರುವ ವೈಫೈ ಡಬ್ಬದೊಳಗೆ ಎಂದರೆ ನೀವು ನಗಬಹುದು. ನಕ್ಕು ಮುಗಿಸಿ ಮುಂದೆ ಓದಿ.

ನನ್ನ ಮಗಳು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ. ಏನು ಕೆಲಸವೆಂದು ನೆಂಟರು ಕೇಳಿದರೆ 'ಕಂಪ್ಯೂಟರಿನದು' ಎಂದು ಹೇಳಿ ಮುಗಿಸುವುದು ನಮ್ಮ ರೂಢಿ. ಕಳೆದ ಚಳಿಗಾಲದಲ್ಲಿ ಎರಡು ದಿನದ ರಜಕ್ಕೆ ಮಂಡ್ಯಕ್ಕೆ ಬಂದಿದ್ದಾಗ, ಅಡುಗೆಮನೆಯಲ್ಲಿ ನನ್ನೆದುರು ಕೂತು ಅವರೆಕಾಳು ಹಿತಕುತ್ತಾ, ತನ್ನ ಕೆಲಸವೇನೆಂದು ಅವಳೇ ಬಿಡಿಸಿ ಹೇಳಿದಳು. ಕಂಪ್ಯೂಟರು, ಮೊಬೈಲು, ವೈಫೈ ಡಬ್ಬ ಎಲ್ಲಕ್ಕೂ ಒಂದು ಆಪರೇಟಿಂಗ್ ಸಿಸ್ಟಂ ಇರುತ್ತದೆ. ಅದರ ತೀರಾ ಒಳಗಿನ ಭಾಗಕ್ಕೆ ಕರ್ನಲ್ ಎನ್ನುತ್ತಾರೆ. ಅವಳು ಕೈಯಲ್ಲಿದ್ದ ಕಾಳಿನ ಸಿಪ್ಪೆ ಜಾರಿಸಿ, 'ಇದೇ ಕಣಮ್ಮ ಕರ್ನಲ್, ಸಿಪ್ಪೆ ಹೋದ ಮೇಲೆ ಉಳಿಯೋ ಬೇಳೆ' ಎಂದಳು. ಫಿನ್ಲೆಂಡಿನಲ್ಲಿ ಲೀನಸ್ ಟೊರ್ವಾಲ್ಡ್ಸ್ ಎಂಬ ವಿದ್ಯಾರ್ಥಿ ೧೯೯೧ರಲ್ಲಿ ಶುರುಮಾಡಿದ ಲಿನಕ್ಸ್ ಎಂಬ ಕರ್ನಲ್ ಇಂದು ಆಂಡ್ರಾಯ್ಡ್ ಮೊಬೈಲುಗಳಲ್ಲೂ ಬಹಳಷ್ಟು ವೈಫೈ ಡಬ್ಬಗಳಲ್ಲೂ ಇದೆಯಂತೆ. ಅದನ್ನು ಯಾರು ಬೇಕಾದರೂ ಬಿಚ್ಚಿ ಓದಬಹುದು. ನನ್ನ ಮಗಳ ಕೆಲಸ ಅದರೊಳಗಿನ ಒಂದು ಮೂಲೆಯಲ್ಲಿ. ಈ ಊರಿನಲ್ಲಿ, ಈ ಚಾನೆಲ್ಲಿನಲ್ಲಿ, ಎಷ್ಟು ಅಗಲಕ್ಕೆ ಮಾತಾಡಲು ಅಪ್ಪಣೆಯಿದೆ ಎಂದು ಪರೀಕ್ಷಿಸುವ ಮೂಲೆ ಅದು.

ಮಾತಿಗೂ ಅಗಲವಿದೆಯೇ ಎಂದು ನಾನು ಕೇಳಿದೆ. ಇದೆ. ನಮ್ಮ ಮನೆಗಳಲ್ಲಿರುವ ಸಾಮಾನ್ಯ ವೈಫೈಗೆ ಗಾಳಿಯಲ್ಲಿ ೨೪೦೦ ಮೆಗಾಹರ್ಟ್ಸ್‌ನಿಂದ ೨೪೮೩.೫ ಮೆಗಾಹರ್ಟ್ಸ್‌ವರೆಗಿನ ಒಂದು ಪಟ್ಟಿಯನ್ನು ಬಿಟ್ಟುಕೊಟ್ಟಿದ್ದಾರೆ. ನಮ್ಮ ಜಮಖಾನ ಎಂದುಕೊಳ್ಳಿ. ಅದರ ಮೇಲೆ ೧೩ ಚಾನೆಲ್ಲುಗಳು, ಒಂದಕ್ಕೂ ಇನ್ನೊಂದಕ್ಕೂ ೫ ಮೆಗಾಹರ್ಟ್ಸ್ ಅಂತರ. ಆದರೆ ಮಾತಾಡುವ ಡಬ್ಬಕ್ಕೆ ಕಡಿಮೆಯೆಂದರೂ ೨೦ ಅಗಲ ಬೇಕು. ೫ರ ಅಂತರದಲ್ಲಿ ದಿಂಬು, ೨೦ರ ಅಗಲದ ಮೈ! ಆದ್ದರಿಂದ ೧೩ ಹೆಸರುಗಳಿದ್ದರೂ ಒಬ್ಬರಿಗೊಬ್ಬರು ತಗುಲದಂತೆ ಮಲಗಬಹುದಾದವರು ೧, ೬, ೧೧ ಎಂಬ ಮೂವರು ಮಾತ್ರ. ಇನ್ನು ಹೆಚ್ಚು ವೇಗ ಬೇಕೆಂದು ಯಾರಾದರೂ ೪೦ ಅಗಲಕ್ಕೆ ಚಾಚಿಕೊಂಡರೆ ಜಮಖಾನದ ಅರ್ಧ ಅವರೊಬ್ಬರದೇ. ೫೦೦೦ದ ಮೇಲಿನ ಮೆಗಾಹರ್ಟ್ಸ್‌ಗಳ ಇನ್ನೊಂದು ಜಮಖಾನ ದೊಡ್ಡದು. ಅಲ್ಲಿ ೮೦ ಮತ್ತು ಕೆಲವು ಕಡೆ ೧೬೦ರವರೆಗೂ ಚಾಚಬಹುದು. ಆದರೆ ಅದರ ಅಲೆಗಳು ಗೋಡೆ ದಾಟಲು ಹೆಚ್ಚು ಸೋಲುತ್ತವೆ.

ಈ ಅಪ್ಪಣೆಯನ್ನು ಕರ್ನಲ್ ಹೇಗೆ ಪರೀಕ್ಷಿಸುತ್ತದೆ ಎಂಬುದನ್ನು ಕೇಳುತ್ತಾ ಹೋದಂತೆ ನನಗೆ ಅದರ ಮೇಲೆ ಗೌರವ ಬಂತು. ಮೊದಲು ಅದು 'ನಾನು ಯಾವ ದೇಶದಲ್ಲಿದ್ದೇನೆ' ಎಂದು ಕೇಳಿಕೊಳ್ಳುತ್ತದೆ. ದೇಶ ದೇಶದ ನಿಯಮಗಳನ್ನು ಬರೆದಿಟ್ಟ ಒಂದು ಕಡತ ಅದರ ಬಳಿ ಇರುತ್ತದೆ. ಯಾರೂ ನಡುವೆ ತಿದ್ದದಂತೆ ಅದಕ್ಕೆ ಸಹಿಯೂ ಬಿದ್ದಿರುತ್ತದೆ. ಅದರಲ್ಲಿ ಭಾರತದ ಸಾಲುಗಳನ್ನು ನೋಡಿ, ಕೇಳಿದ ಅಗಲ ಪೂರ್ತಿ ಗೆರೆಯೊಳಗೆ ಹಿಡಿಸುತ್ತದೆಯೇ ಎಂದು ಅಳೆಯುತ್ತದೆ. ಪೂರ್ತಿ ಎಂಬ ಮಾತು ಮುಖ್ಯ. ೧೩ನೆಯ ಚಾನೆಲ್ಲಿನ ನಡುಬಿಂದು ೨೪೭೨. ಅಲ್ಲಿ ೨೦ ಅಗಲಕ್ಕೆ ಮಲಗಿದರೆ ೨೪೮೨ಕ್ಕೆ ಮುಗಿಯುತ್ತದೆ, ಗೆರೆಯೊಳಗಿದೆ, ಸರಿ. ಅದೇ ಜಾಗದಿಂದ ಮೇಲಕ್ಕೆ ೪೦ ಆಗುತ್ತೇನೆಂದರೆ ೨೫೦೨ಕ್ಕೆ ಹೋಗುತ್ತದೆ, ಇಲ್ಲ. ಕೆಳಕ್ಕೆ ೪೦ ಆಗುತ್ತೇನೆಂದರೆ ೨೪೪೨ರಿಂದ ೨೪೮೨, ಆಗಬಹುದು. ದಿಂಬು ಒಳಗಿದೆ ಎಂಬುದನ್ನು ಅದು ಲೆಕ್ಕಕ್ಕೆ ಇಡುವುದೇ ಇಲ್ಲ. ಕಾಲಿನ ಹೆಬ್ಬೆರಳು ಎಲ್ಲಿದೆ ಎಂದು ನೋಡುತ್ತದೆ.

ದೊಡ್ಡ ಜಮಖಾನದಲ್ಲಿ ೮೦ ಅಗಲ ಬೇಕೆಂದರೆ ಅದರೊಳಗೆ ೨೦ರ ನಾಲ್ಕು ತುಂಡುಗಳಿರುತ್ತವೆ. ನಾಲ್ಕಕ್ಕೂ ಅಪ್ಪಣೆ ಇರಲೇಬೇಕು. ಮೂರು ಒಪ್ಪಿ ಒಂದು ಒಪ್ಪದಿದ್ದರೆ 'ಬಹುಮತವಿದೆಯಲ್ಲ' ಎಂಬ ಮಾತು ಅಲ್ಲಿ ನಡೆಯುವುದಿಲ್ಲ. ಮನೆಯಲ್ಲಿ ನಾಲ್ವರಲ್ಲಿ ಮೂವರು ಒಪ್ಪಿದರೆಂದು ನಾಲ್ಕನೆಯವಳ ಮೌನವನ್ನೂ ಒಪ್ಪಿಗೆಯ ಲೆಕ್ಕಕ್ಕೆ ಬರೆದುಕೊಂಡ ಎಷ್ಟು ತೀರ್ಮಾನಗಳನ್ನು ನಾವು ನೋಡಿಲ್ಲ!

ದೇಶ ಗೊತ್ತಿಲ್ಲದಿದ್ದರೆ? ಅದಕ್ಕೂ ಒಂದು ಸಾಲಿದೆ, ೦೦ ಎಂಬ ಗುರುತಿನದು. ಯಾವ ದೇಶಕ್ಕೆ ಹೋದರೂ ತಪ್ಪಾಗದಂಥ ಬಿಗಿಯಾದ ನಿಯಮ. ಆಗ ಅದು ೧೨, ೧೩ನೆಯ ಚಾನೆಲ್ಲುಗಳಲ್ಲೂ ದೊಡ್ಡ ಜಮಖಾನದಲ್ಲೂ ತಾನಾಗಿ ಬಾಯಿ ತೆರೆಯುವುದಿಲ್ಲ. ಬರೀ ಕಿವಿಗೊಟ್ಟು ಕೂತಿರುತ್ತದೆ. ಕೆಲವು ಉಪಕರಣಗಳೊಳಗೆ ಮೊದಲೇ ಒಂದು ದೇಶವನ್ನು ಬರೆದಿರುತ್ತಾರೆ. ನಾವು ಇನ್ನೊಂದು ದೇಶ ಹೇಳಿದರೆ ಎರಡು ನಿಯಮಗಳೂ ಒಪ್ಪುವಷ್ಟನ್ನು ಮಾತ್ರ ಉಳಿಸಿಕೊಂಡು ಮಿಕ್ಕದ್ದನ್ನು ಬಿಡುತ್ತದೆ. ದೊಡ್ಡ ಜಮಖಾನದ ಕೆಲವು ಭಾಗಗಳಲ್ಲಿ ಹವಾಮಾನದ ಮತ್ತು ರಕ್ಷಣೆಯ ರಾಡಾರುಗಳೂ ಇರುತ್ತವೆ. ಅಲ್ಲಿ ಮಾತಾಡುವ ಮೊದಲು ಕಡಿಮೆಯೆಂದರೂ ಒಂದು ನಿಮಿಷ ಕಿವಿಗೊಟ್ಟು ಕೇಳಬೇಕು. ಆಮೇಲೆ ಯಾವಾಗ ರಾಡಾರಿನ ದನಿ ಕೇಳಿದರೂ ಹತ್ತು ಸೆಕೆಂಡಿನಲ್ಲಿ ಜಾಗ ಖಾಲಿಮಾಡಿ ಅರ್ಧ ಗಂಟೆ ಅತ್ತ ತಲೆಹಾಕಬಾರದು. ಗೊತ್ತಿಲ್ಲದಾಗ ಕಡಿಮೆ ತೆಗೆದುಕೋ, ಭಿನ್ನಾಭಿಪ್ರಾಯವಿದ್ದಾಗ ಇಬ್ಬರೂ ಒಪ್ಪುವಷ್ಟರಲ್ಲಿ ನಿಲ್ಲು, ಮಾತಿಗೆ ಮೊದಲು ಕೇಳಿಸಿಕೋ. ಹೊಸ ಸೊಸೆ ಮನೆಗೆ ಬಂದಾಗ ನಮ್ಮ ಹಿರಿಯರು ಹೇಳಿಕೊಡುತ್ತಿದ್ದ ಪಾಠ ಇದೇ ಅಲ್ಲವೇ? ಸೊಸೆಗೆ ಮಾತ್ರ ಹೇಳಿಕೊಟ್ಟರು, ಮನೆಯ ಮಿಕ್ಕವರಿಗೆ ಹೇಳಲಿಲ್ಲ ಎಂಬುದು ಬೇರೆ ಮಾತು.

ಗಾಳಿಯಲ್ಲಿ ಇಷ್ಟೊಂದು ಕಟ್ಟುಪಾಡು ಏಕೆ ಬಂತೆಂಬುದಕ್ಕೆ ಒಂದು ನೋವಿನ ಕಥೆಯಿದೆ. ೧೯೧೨ರ ಏಪ್ರಿಲ್ ೧೪ರ ರಾತ್ರಿ ಟೈಟಾನಿಕ್ ಹಡಗಿನ ರೇಡಿಯೋ ಕೆಲಸಗಾರ ಪ್ರಯಾಣಿಕರ ಖಾಸಗಿ ಸಂದೇಶಗಳನ್ನು ದೂರದ ಕೇಪ್ ರೇಸ್ ಎಂಬ ತೀರಕ್ಕೆ ಕಳಿಸುವುದರಲ್ಲಿ ಮುಳುಗಿದ್ದ. ಹತ್ತಿರದಲ್ಲಿದ್ದ ಕ್ಯಾಲಿಫೋರ್ನಿಯನ್ ಎಂಬ ಹಡಗು, ತಾನು ಹಿಮಗಡ್ಡೆಗಳ ನಡುವೆ ನಿಂತುಬಿಟ್ಟಿದ್ದೇನೆಂದು ತಿಳಿಸಲು ಬಂತು. ಹತ್ತಿರದ ದನಿ, ಕಿವಿಗಡಚಿಕ್ಕುವಂತೆ ಅಪ್ಪಳಿಸಿತು. ಇವನು ಸಿಡುಕಿ ಸುಮ್ಮನಿರಲು ಹೇಳಿದ. ಅವನು ಸ್ವಲ್ಪ ಹೊತ್ತಿನಲ್ಲೇ ಯಂತ್ರ ಆರಿಸಿ ಮಲಗಿದ. ಟೈಟಾನಿಕ್ ಹಿಮಗಡ್ಡೆಗೆ ಬಡಿದು ಕೂಗಿಕೊಂಡಾಗ ಹತ್ತಿರದ ಹಡಗಿನಲ್ಲಿ ಕೇಳುವ ಕಿವಿ ಎಚ್ಚರವಿರಲಿಲ್ಲ. ಅದೇ ವರ್ಷ ಅಮೆರಿಕದಲ್ಲಿ, ಲೈಸೆನ್ಸ್ ಇಲ್ಲದೆ ರೇಡಿಯೋ ಅಲೆ ಬಿಡಬಾರದೆಂಬ ಕಾಯ್ದೆ ಬಂತು. ಆ ರಾತ್ರಿ ಇಬ್ಬರೂ ತಮ್ಮ ತಮ್ಮ ಕೆಲಸವನ್ನೇ ಮಾಡುತ್ತಿದ್ದರು ಎಂಬುದು ನನ್ನನ್ನು ಕಾಡುತ್ತದೆ.

ನಮ್ಮಲ್ಲಿ ೧೯೩೩ರಲ್ಲಿ ವೈರ್‌ಲೆಸ್ ಕಾಯ್ದೆ ಬಂತು. ಲೈಸೆನ್ಸ್ ಇಲ್ಲದೆ ಇಂಥ ಯಂತ್ರವನ್ನು ಮನೆಯಲ್ಲಿ ಇಟ್ಟುಕೊಳ್ಳುವುದೇ ಅಪರಾಧ ಎಂದಿತು. ಎರಡು ವರ್ಷ ಕಳೆದು ೧೯೩೫ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ೩೦ ವಾಟ್‌ನ ಯಂತ್ರವಿಟ್ಟುಕೊಂಡು ಬಾನುಲಿ ಶುರುಮಾಡಿದರು; 'ಆಕಾಶವಾಣಿ' ಎಂಬ ಹೆಸರು ಬಂದದ್ದು ಅಲ್ಲಿಂದ. ಮನೆಮನೆಗೆ ರೇಡಿಯೋ ಬಂದ ಮೇಲೂ ಬಹಳ ಕಾಲ ಅಂಚೆ ಕಚೇರಿಯಲ್ಲಿ ವರ್ಷವರ್ಷವೂ ಹಣ ಕಟ್ಟಿ ಲೈಸೆನ್ಸ್ ಪುಸ್ತಕ ತೋರಿಸಬೇಕಿತ್ತು. ನಮ್ಮ ತಂದೆ ಆ ಪುಸ್ತಕವನ್ನು ಜಮೀನಿನ ಪತ್ರಗಳ ಜೊತೆ ಇಟ್ಟಿರುತ್ತಿದ್ದರು. ೧೯೮೦ರ ದಶಕದಲ್ಲಿ ಅದು ಕೊನೆಗೊಂಡಿತು. ೧೯೯೫ರ ಫೆಬ್ರುವರಿಯಲ್ಲಿ, ಒಂದು ಕ್ರಿಕೆಟ್ ಪಂದ್ಯಾವಳಿಯ ಪ್ರಸಾರದಿಂದ ಹುಟ್ಟಿದ ಜಗಳದಲ್ಲಿ ಸುಪ್ರೀಂ ಕೋರ್ಟು, ಗಾಳಿಯ ಅಲೆಗಳು ಸಾರ್ವಜನಿಕರ ಆಸ್ತಿ ಎಂದು ತೀರ್ಪಿತ್ತಿತು. ೨೦೦೫ರ ಜನವರಿಯಲ್ಲಿ ಕೇಂದ್ರ ಸರ್ಕಾರ ೨೪೦೦ರ ಪಟ್ಟಿಯನ್ನು ಕಡಿಮೆ ಶಕ್ತಿಯ ಉಪಕರಣಗಳಿಗೆ ಲೈಸೆನ್ಸ್ ಇಲ್ಲದೆ ಬಿಟ್ಟುಕೊಟ್ಟಿತು. ೨೦೧೮ರ ಅಕ್ಟೋಬರಿನಲ್ಲಿ ೫೦೦೦ದ ಮೇಲಿನ ಪಟ್ಟಿಯಲ್ಲಿ ಒಟ್ಟು ೬೦೫ ಮೆಗಾಹರ್ಟ್ಸ್ ಬಿಟ್ಟಿತು. ಹಳೆಯ ಕಾಯ್ದೆಯ ಜಾಗಕ್ಕೆ ೨೦೨೩ರಲ್ಲಿ ಸಂಸತ್ತು ಹೊಸ ದೂರಸಂಪರ್ಕ ಕಾಯ್ದೆಯನ್ನೂ ತಂದಿತು. ಬಿಟ್ಟುಕೊಡುವಾಗ ಸರ್ಕಾರ ಹಾಕಿದ ಷರತ್ತು ಸೊಗಸಾಗಿದೆ: ಇದು ಯಾರೊಬ್ಬರದೂ ಅಲ್ಲ, ಹಂಚಿಕೊಳ್ಳಬೇಕು, ಬೇರೆಯವರಿಗೆ ಅಡ್ಡಿಯಾಗಬಾರದು, ನಿಮಗೆ ಅಡ್ಡಿಯಾದರೆ ರಕ್ಷಣೆ ಕೊಡಿ ಎಂದು ಕೇಳುವಂತಿಲ್ಲ.

ಇಷ್ಟು ತಿಳಿದ ಮೇಲೆ ನನ್ನ ಪ್ರಶ್ನೆ ಮುಗಿಯಬೇಕಿತ್ತು. ಅಪ್ಪಣೆ ಎಷ್ಟೆಂದು ಯಂತ್ರವೇ ನೋಡಿಕೊಳ್ಳುತ್ತದಲ್ಲ, ನಮಗೇನು ಚಿಂತೆ? ಆದರೆ ಪ್ರಶ್ನೆ ಅಲ್ಲಿಂದಲೇ ಶುರುವಾಯಿತು.

ನಾವಿರುವುದು ಮಂಡ್ಯದಲ್ಲಿ, ಒಂದರ ಬೆನ್ನಿಗೊಂದು ಅಂಟಿಕೊಂಡ ಮನೆಗಳ ಬೀದಿಯಲ್ಲಿ. ನಮ್ಮ ಗೋಡೆಯಾಚೆ ಮಳವಳ್ಳಿ ಕಡೆಯವರೇ ಒಬ್ಬ ಹೆಣ್ಣುಮಗಳು ಇದ್ದಾಳೆ. ಗಂಡ ಲಾರಿಯ ಮೇಲೆ ಹೋದರೆ ವಾರಗಟ್ಟಲೆ ಬರುವುದಿಲ್ಲ. ಮಗಳು ಎರಡನೇ ಪಿಯುಸಿ ಓದುತ್ತಾಳೆ. ಒಂದು ಸಂಜೆ ಬಾಗಿಲಲ್ಲಿ ನಿಂತು, 'ಅಕ್ಕ, ನಿಮ್ಮನೇಲಿ ವೈಫೈ ಚೆನ್ನಾಗ್ ಬತ್ತದಾ? ನಮ್ದು ಏಳು ಗಂಟೆ ಆಯ್ತು ಅಂದ್ರೆ ಸುಮ್ನೆ ಸುತ್ತುತಾ ಕೂತ್ಕತ್ತದೆ ಕಣಕ್ಕ. ಮಗೀಗೆ ಸಿಇಟಿ ಪಾಠ ಅದೆ' ಎಂದಳು. ಮಗಳು ತನ್ನ ಮೊಬೈಲಿನಲ್ಲಿ ನೋಡಿ ಹೇಳಿದಳು: ನಮ್ಮ ಮನೆಯಲ್ಲಿ ನಿಂತರೆ ಹದಿನೇಳು ಮನೆಯ ವೈಫೈ ಹೆಸರುಗಳು ಕಾಣುತ್ತವೆ. ಡಬ್ಬ ಹಾಕಿಕೊಟ್ಟ ಹುಡುಗ 'ಫುಲ್ ಸ್ಪೀಡ್ ಬರ್ತದೆ' ಎಂದು ನಮ್ಮದನ್ನು ೪೦ ಅಗಲಕ್ಕೆ ಇಟ್ಟು ಹೋಗಿದ್ದ. ೪೦ಕ್ಕೆ ನಮ್ಮ ದೇಶದ ಸಾಲಿನಲ್ಲಿ ಅಪ್ಪಣೆಯಿದೆ. ಕರ್ನಲ್ ಪರೀಕ್ಷೆ ಮಾಡಿ 'ಆಗಬಹುದು' ಎಂದಿದೆ.

ಅದೇ ೪೦ ಅಗಲವನ್ನು ನನ್ನ ತವರಿನ ಹಳ್ಳಿಯಲ್ಲಿ ಇಟ್ಟರೆ ಯಾರಿಗೂ ತೊಂದರೆಯಿಲ್ಲ. ಅಲ್ಲಿ ತಮ್ಮನ ಮನೆಯದೊಂದು ಡಬ್ಬ. ಮುಂದಿನ ಮನೆಗೆ ಒಂದು ಕಣ, ಒಂದು ಹುಣಿಸೆಮರ ದಾಟಬೇಕು. ಮದ್ದೂರಿನ ದೊಡ್ಡಮ್ಮನ ಮನೆಯ ಬೀದಿಯಲ್ಲಿ ನಾಲ್ಕೈದು ಹೆಸರು ಕಾಣುತ್ತವೆ, ಅಲ್ಲಿ ಸ್ವಲ್ಪ ಯೋಚಿಸಬೇಕು. ಮಂಡ್ಯದ ನಮ್ಮ ಬೀದಿಯಲ್ಲಿ ಹದಿನೇಳು. ಮೂರೂ ಕಡೆ ಕಡತದ ಸಾಲು ಒಂದೇ, ಅಪ್ಪಣೆ ಒಂದೇ, ಕರ್ನಲ್ ಕೊಡುವ ಉತ್ತರ ಒಂದೇ. ನಿಯಮಕ್ಕೆ ದೇಶ ಗೊತ್ತು, ಬೀದಿ ಗೊತ್ತಿಲ್ಲ. ಅದು ನಿಯಮದ ತಪ್ಪೂ ಅಲ್ಲ. ಇಡೀ ದೇಶಕ್ಕೆ ಬರೆದ ಸಾಲು ನಮ್ಮ ಪಕ್ಕದ ಮನೆಯ ಹುಡುಗಿಯ ಸಿಇಟಿಯನ್ನು ಹೇಗೆ ತಿಳಿದುಕೊಂಡೀತು?

ನಮ್ಮ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ೧೯೧೧ರಲ್ಲಿ ಶುರುವಾದ ಕನ್ನಂಬಾಡಿ ಕಟ್ಟೆಯಿಂದ ಹೊರಟ ಇರ್ವಿನ್ ನಾಲೆ, ಈಗಿನ ವಿಶ್ವೇಶ್ವರಯ್ಯ ನಾಲೆ, ಮಂಡ್ಯದ ಗದ್ದೆಗಳನ್ನು ಹಸಿರು ಮಾಡಿತು. ಮದ್ದೂರು, ಮಳವಳ್ಳಿ ತಾಲ್ಲೂಕುಗಳು ಆ ನಾಲೆಯ ಕಡೆಭಾಗದವು. ತೂಬಿನ ಅಳತೆ ಸರ್ಕಾರದ್ದು, ನೀರು ಬಿಡುವ ದಿನ ಸರ್ಕಾರದ್ದು. ಆದರೂ ಮೇಲಿನವರು ತಮಗೆ ಬಂದ ಪಾಳಿಯಲ್ಲಿ ಗದ್ದೆ ತುಂಬಿದ ಮೇಲೂ ಮಡೆ ಮುಚ್ಚದೆ ಮಲಗಿದರೆ, ಕಡೆಭಾಗಕ್ಕೆ ಬರುವುದು ಕೆಸರು. ಮಲಗಿದವರು ಯಾವ ಕಾನೂನನ್ನೂ ಮುರಿದಿಲ್ಲ, ಪಾಳಿ ಅವರದೇ. ನೀರುಗಂಟಿಗೂ ಅವರನ್ನು ಎಬ್ಬಿಸುವ ಅಧಿಕಾರವಿಲ್ಲ. ನಮ್ಮ ತಂದೆ ಲಾಟೀನು ಹಿಡಿದು ಎರಡು ಮೈಲಿ ನಡೆದು ಮೇಲಿನ ಗದ್ದೆಯವರ ಮನೆ ಬಾಗಿಲು ತಟ್ಟಿ, 'ನಿಮ್ದು ತುಂಬದೆ, ಇನ್ನು ಬಿಡ್ರಪ್ಪ' ಎಂದು ಕೇಳಿ ಬರುತ್ತಿದ್ದರು. ಕೆಲವರು ಎದ್ದು ಬರುತ್ತಿದ್ದರು, ಕೆಲವರು ಬರುತ್ತಿರಲಿಲ್ಲ. ಎದ್ದು ಬಂದವರ ಹೆಸರನ್ನು ನಮ್ಮ ತಾಯಿ ಈಗಲೂ ನೆನೆಯುತ್ತಾರೆ.

ನಮ್ಮ ಡಬ್ಬವನ್ನು ೨೦ಕ್ಕೆ ಇಳಿಸೋಣವೇ ಎಂದು ನಾನು ಮನೆಯಲ್ಲಿ ಕೇಳಿದೆ. ನಮ್ಮ ಯಜಮಾನರು ಪತ್ರಿಕೆ ಕೆಳಗಿಟ್ಟರು. 'ನಾವೇನು ಕದ್ದು ತಗೊಂಡಿದ್ದೀವಾ? ತಿಂಗಳು ತಿಂಗಳು ದುಡ್ಡು ಕಟ್ತೀವಿ. ನಲವತ್ತಕ್ಕೆ ಸರ್ಕಾರವೇ ಒಪ್ಪಿದೆ ಅಂತ ನಿನ್ನ ಮಗಳೇ ಹೇಳ್ತಾಳೆ. ಇನ್ನು ನೀನ್ಯಾವ ಸರ್ಕಾರ?' ಎಂದರು. ಅವರ ಮಾತಿನಲ್ಲಿ ನ್ಯಾಯವಿಲ್ಲವೆಂದು ಹೇಳುವಂತಿಲ್ಲ. ನಾವು ಚಿಕ್ಕದಾದರೆ ಪಕ್ಕದವರಿಗೆ ಸಿಗುತ್ತದೆಂದು ಏನು ಖಾತ್ರಿ? ಬಿಟ್ಟ ಜಾಗಕ್ಕೆ ಎದುರು ಮನೆಯವರು ಕಾಲು ಚಾಚಿದರೆ? ಎಲ್ಲರೂ ಅಗಲವಾಗಿ ಮಲಗಿರುವಾಗ ಒಬ್ಬರು ಮಾತ್ರ ಮುದುಡಿಕೊಳ್ಳುವುದು ಒಳ್ಳೆಯತನವೋ ಪೆದ್ದುತನವೋ? ಹೆಂಗಸರಾದ ನಮಗೆ ಈ ಪ್ರಶ್ನೆ ಇನ್ನೂ ಚುಚ್ಚುತ್ತದೆ. ಮುದುಡಿಕೊಳ್ಳುವುದನ್ನೇ ಗುಣವೆಂದು ನಮಗೆ ಕಲಿಸಿದ್ದಾರೆ. ಬಸ್ಸಿನ ಸೀಟಿನಲ್ಲಿ, ಆಸ್ತಿಯ ಪಾಲಿನಲ್ಲಿ, ಊಟದ ಕೊನೆಯ ಪಂಕ್ತಿಯಲ್ಲಿ ಮುದುಡಿ ಮುದುಡಿ ಬಂದವರು ನಾವು. ಅಪ್ಪಣೆಯಿರುವ ಜಾಗವನ್ನೂ ಇನ್ನು ಏಕೆ ಬಿಡಬೇಕು?

ಮಗಳು ಬೇರೆಯದೇ ಆಕ್ಷೇಪ ತಂದಳು. 'ಅಗಲವಾಗಿದ್ದರೆ ಕೆಲಸ ಬೇಗ ಮುಗಿದು ಗಾಳಿ ಬೇಗ ಖಾಲಿಯಾಗತ್ತಮ್ಮ. ಅಗಲ ಅಂದರೆ ಯಾವಾಗಲೂ ಕೆಟ್ಟದ್ದು ಅಂತಲ್ಲ' ಎಂದಳು. ಅದೂ ನಿಜವೇ. ದೊಡ್ಡ ಚೊಂಬಿನಲ್ಲಿ ಹಿಡಿದರೆ ನಲ್ಲಿ ಬೇಗ ಬಿಡುಗಡೆಯಾದಂತೆ. ಆದರೆ ಹತ್ತು ಕೊಡ ಕಾದಿರುವ ನಲ್ಲಿಯಲ್ಲಿ ಅಗಲವಾದ ಬಾನಿ ತಂದಿಟ್ಟರೆ ಪಕ್ಕದ ಕೊಡಗಳ ಬಾಯಿಯೂ ಮುಚ್ಚಿಹೋಗುತ್ತದೆ. ಈ ವೈಫೈಯ ನಿಯಮ ಬರೆದವರಿಗೂ ಅದು ಗೊತ್ತಿತ್ತಂತೆ. ೨೪೦೦ರ ಪಟ್ಟಿಯಲ್ಲಿ ೪೦ಕ್ಕೆ ಚಾಚುವ ಮೊದಲು ಸುತ್ತ ನೆರೆಯವರಿದ್ದಾರೆಯೇ ಎಂದು ಒಮ್ಮೆ ಕೇಳಿ, ಇದ್ದರೆ ೨೦ಕ್ಕೇ ಇರಬೇಕೆಂದು ಬರೆದಿದ್ದಾರೆ. ಆದರೆ ಎಷ್ಟೋ ಡಬ್ಬಗಳಲ್ಲಿ ಆ ಕೇಳುವಿಕೆಯನ್ನೇ ಬಿಟ್ಟುಬಿಡುವ ಒಂದು ಆಯ್ಕೆಯೂ ಇರುತ್ತದೆ. ಅಷ್ಟೇ ಏಕೆ, ಇನ್ನೂ ಅಗಲ ಬೇಕೆಂದು ಬೇರೆ ದೇಶದ ಹೆಸರು ಹೇಳಿ ಕೂರುವವರೂ ಇದ್ದಾರೆ. ಕರ್ನಲ್ ಎಷ್ಟೇ ಕಟ್ಟುನಿಟ್ಟಾಗಿ ಅಳೆದರೂ, ಯಾವ ಗೆರೆಗೆ ಅಳೆಯಬೇಕೆಂಬುದು ಬಹಳ ಸಲ ಒಬ್ಬ ಮನುಷ್ಯ ಹೇಳಿದ ಒಂದು ಮಾತಿನ ಮೇಲೆ ನಿಂತಿರುತ್ತದೆ. ಇದನ್ನು ಕೇಳಿದಾಗ ಯಂತ್ರ ನಮ್ಮನ್ನು ಒಳ್ಳೆಯವರನ್ನಾಗಿ ಮಾಡಿಬಿಡುತ್ತದೆ ಎಂಬ ಆಸೆ ನನಗೆ ಹೋಯಿತು, ಒಂದು ಬಗೆಯ ಸಮಾಧಾನವೂ ಆಯಿತು. ತಪ್ಪು ಮಾಡದಂತೆ ಅದು ತಡೆದೀತು. ಸರಿಯಾದುದನ್ನು ಮಾಡುವ ಕೆಲಸ ಇನ್ನೂ ನಮಗೇ ಉಳಿದಿದೆ.

ಯಜಮಾನರಿಗೆ ನಾನು ಹೇಳಿದ್ದು ಇಷ್ಟು. ಹೆದರಿ ಮುದುಡುವುದು ಬೇರೆ, ನೋಡಿ ಸರಿಯುವುದು ಬೇರೆ. ಮೊದಲನೆಯದರಲ್ಲಿ ನನಗೆ ಅಪ್ಪಣೆಯೇ ಇಲ್ಲ, ಯಾರೋ ಕೊಟ್ಟಷ್ಟು. ಎರಡನೆಯದರಲ್ಲಿ ಅಪ್ಪಣೆ ನನ್ನ ಕೈಯಲ್ಲಿದೆ, ಆ ಅಪ್ಪಣೆಯಲ್ಲಿ ಎಷ್ಟನ್ನು ಬಳಸಬೇಕೆಂದು ತೀರ್ಮಾನಿಸುವವಳು ನಾನು. ಇಲ್ಲದ್ದನ್ನು ಬಿಟ್ಟುಕೊಡಲು ಯಾರಿಗೂ ಬರುವುದಿಲ್ಲ. ನಮ್ಮ ಮನೆಯಲ್ಲಿ ವೈಫೈ ಬೇಕಾಗುವುದು ಮಗಳ ಜೊತೆ ಮುಖ ನೋಡಿ ಮಾತಾಡಲು, ಅವರಿಗೆ ಸುದ್ದಿ ನೋಡಲು, ನನಗೆ ಹಳೆಯ ನಾಟಕ ಕೇಳಲು. ಅದಕ್ಕೆ ೨೦ ಧಾರಾಳವಾಯಿತು. ಪಕ್ಕದ ಮನೆಯ ಹುಡುಗಿಗೆ ನಿಜವಾಗಿ ಎಷ್ಟು ಅನುಕೂಲವಾದೀತೆಂದು ಅಳೆದು ಕೊಡಲು ಆಗುವುದಿಲ್ಲ. ಆದರೆ ಫಲದ ಖಾತ್ರಿಯಿದ್ದರೆ ಮಾತ್ರ ಮಡೆ ಮುಚ್ಚುತ್ತೇನೆನ್ನುವವನು ಎಂದೂ ಮುಚ್ಚಲಾರ. ಅವರು ಪತ್ರಿಕೆ ಮತ್ತೆ ಎತ್ತಿಕೊಂಡು, 'ಮಾಡ್ಕೊಳ್ಳಿ, ಅಮ್ಮ ಮಗಳು ಸೇರಿದ ಮೇಲೆ ನನ್ನದೇನು ನಡೀತದೆ' ಎಂದರು. ಇದು ನಮ್ಮ ಮನೆಯಲ್ಲಿ ಒಪ್ಪಿಗೆಯ ಇನ್ನೊಂದು ಹೆಸರು.

ಬೇಸಿಗೆಯ ಹೊತ್ತಿಗೆ ಈ ಮಾತು ಬೀದಿಗೂ ಬಂತು. ನಮ್ಮ ಸಾಲಿನ ಐದು ಮನೆಯ ಹೆಂಗಸರು ತಾರಸಿಯ ಮೇಲೆ ಸಂಡಿಗೆ ಹಾಕುವಾಗ ನಾನು ಈ ೧, ೬, ೧೧ರ ಲೆಕ್ಕ ಹೇಳಿದೆ. ಮೊದಲು ನಕ್ಕರು, ಆಮೇಲೆ, ಕೊಳವೆಬಾವಿಯ ನೀರಿಗೆ ಸರದಿ ಮಾಡಿಕೊಂಡ ಹಾಗೆಯೇ ಅಲ್ಲವೇ ಎಂದು ಒಬ್ಬಾಕೆ ಕೇಳಿದರು. ಹಾಗೆಯೇ. ನಾಲ್ಕು ಮನೆಯವರು ಒಪ್ಪಿದರು. ಒಂದು ಮನೆಯವರು 'ನಮಗ್ಯಾಕಪ್ಪಾ ಅದೆಲ್ಲ, ಇದ್ದಂಗೆ ಇರಲಿ' ಎಂದರು. ಅವರಿಗೂ ಅಪ್ಪಣೆಯಿದೆ, ಅದರ ಮೇಲೆ ಮುನಿಸಿಕೊಳ್ಳಲು ನಮಗೆ ಹಕ್ಕಿಲ್ಲ. ಅವರ ಮನೆಗೂ ಸಂಡಿಗೆ ಹೋಯಿತು.

ಆಗ ಇನ್ನೊಂದು ಪ್ರಶ್ನೆ ಬಂತು. ತಗುಲದ ಚಾನೆಲ್ಲುಗಳು ಮೂರು, ಒಪ್ಪಿದ ಮನೆಗಳು ನಾಲ್ಕು. ನಾಲ್ಕನೆಯವರು ಎಲ್ಲಿ ಹೋಗಬೇಕು? ನಡುವೆ ಎಲ್ಲಾದರೂ ೩ರಲ್ಲೋ ೮ರಲ್ಲೋ ತೂರಿಕೊಳ್ಳುವುದೇ ಸಲೀಸೆಂದು ನನಗೆ ತೋರಿತು. ಫೋನಿನಲ್ಲಿ ಮಗಳು ಬೇಡವೆಂದಳು. ಅರ್ಧಂಬರ್ಧ ತಗುಲಿಕೊಂಡ ಇಬ್ಬರಿಗೆ ಒಬ್ಬರ ಮಾತು ಇನ್ನೊಬ್ಬರಿಗೆ ಬರೀ ಗದ್ದಲವಾಗಿ ಕೇಳುತ್ತದೆ, ಮಾತೆಂದೇ ತಿಳಿಯುವುದಿಲ್ಲ. ಅದರ ಬದಲು ಇಬ್ಬರೂ ಒಂದೇ ಚಾನೆಲ್ಲಿನಲ್ಲಿ ಕೂತರೆ ಒಬ್ಬರ ಮಾತು ಇನ್ನೊಬ್ಬರಿಗೆ ಸ್ಪಷ್ಟವಾಗಿ ಕೇಳುತ್ತದೆ. ಒಬ್ಬರು ಆಡುವಾಗ ಇನ್ನೊಬ್ಬರು ತಡೆದು, ಮುಗಿದ ಮೇಲೆ ಆಡುತ್ತಾರೆ. ಜಾಗ ಕಡಿಮೆಯಿದ್ದಾಗ ದೂರ ಓಡುವಂತೆ ನಟಿಸುವುದಕ್ಕಿಂತ ಪೂರ್ತಿ ಹಂಚಿಕೊಳ್ಳುವುದೇ ವಾಸಿಯಂತೆ. ಇದನ್ನು ಕೇಳಿ ಗೋಡೆಯಾಚೆಯ ಹೆಣ್ಣುಮಗಳು, 'ಹಂಗಾರೆ ನಮ್ದು ನಿಮ್ಮದ್ರ ಜೊತೇಲೇ ಇರ್ಲಿ ಬುಡಿ ಅಕ್ಕ' ಎಂದಳು. ಈಗ ನಮ್ಮಿಬ್ಬರ ಮನೆಯದೂ ೬ನೆಯ ಚಾನೆಲ್, ಇಬ್ಬರದೂ ೨೦ ಅಗಲ. ಅವಳ ಮಗಳ ಪಾಠ ಕೆಲವು ಸಂಜೆ ಸರಾಗವಾಗಿ ಸಾಗುತ್ತದೆ, ಕೆಲವು ಸಂಜೆ ಇನ್ನೂ ನಿಂತು ನಿಂತು ಬರುತ್ತದೆ. ಬೀದಿಯಲ್ಲಿ ಇನ್ನೂ ಹದಿಮೂರು ಹೆಸರುಗಳಿವೆಯಲ್ಲ. ಮುಂದಿನ ಸಲ ಹಪ್ಪಳ ಒತ್ತುವಾಗ ಅವರಲ್ಲಿ ಇನ್ನಿಬ್ಬರನ್ನು ತಾರಸಿಗೆ ಕರೆಯಬೇಕೆಂದಿದ್ದೇವೆ.